ಅಜ್ಜನ ಡಬ್ಬಿ ಯಾರಿಗೆ? ಮೆನೊನೈಟ್ ಮನೆ ಮತ್ತು ಸಭೆಯ ಕಾಗದಗಳಿಗೆ ಜಾಗ ಹುಡುಕುವವರಿಗೆ

ಮನೆ ಮಾರುವಾಗ ಈ ಪ್ರಶ್ನೆ ಬರುತ್ತದೆ. ಅಜ್ಜ ತೀರಿಕೊಂಡಿದ್ದಾರೆ. ಬೇಸ್‌ಮೆಂಟಿನಲ್ಲಿ ನಾಲ್ಕೈದು ಡಬ್ಬಿ ಕಾಗದ ಇದೆ. ಓದೋಣ ಎಂದರೆ ಜರ್ಮನ್, ಅದೂ ಹಳೇ ಕೈಬರಹ. ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಇಲ್ಲವೇ ಊರಿನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಜನ ಕಡಿಮೆಯಾಗಿ ಕಟ್ಟಡ ಮಾರಾಟಕ್ಕೆ ಬಂದಿದೆ, ಕಪಾಟಿನಲ್ಲಿರುವ ತಲೆಮಾರುಗಳ ರಿಜಿಸ್ಟರುಗಳನ್ನು ಏನು ಮಾಡುವುದೆಂದು ಯಾರಿಗೂ ತೋಚುತ್ತಿಲ್ಲ. ಕೆನಡಾ, ಅಮೆರಿಕದಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಕುಟುಂಬಗಳಲ್ಲಿ ಇದು ಮಾಮೂಲಿ ತಲೆನೋವು. ನಾನು ಅಂಥ ಒಂದು ಮನೆಯ ಕನ್ನಡದ ಅಳಿಯ, ಕೆನಡಾದ ಮ್ಯಾನಿಟೋಬಾ ಪ್ರಾಂತದ ವಿನಿಪೆಗ್ ಕಡೆ. ಮಾವನವರ ಬಳಗದಲ್ಲಿ ಕಾಗದದ ಕೆಲಸವೆಲ್ಲ ಹೇಗೋ ನನ್ನ ತಲೆಗೆ ಬಂದಿದೆ. ಒಂಟಾರಿಯೊ ಪ್ರಾಂತದ ವಾಟರ್ಲೂ, ಕಿಚನರ್ ಕಡೆ ಇರುವ ನಮ್ಮವರೂ ಪಕ್ಕದ ಮನೆಯವರ ಪರವಾಗಿ ಆಗಾಗ ಕೇಳುತ್ತಿರುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು.

ನನ್ನ ಮತ ಯಾವ ಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ. ಮೂಲ ಕಾಗದ ಆ ಮನೆತನ ಯಾವ ಸಭೆಗೆ ಸೇರಿತ್ತೋ ಆ ಸಭೆಯ ಆರ್ಕೈವಿಗೆ (ಹಳೇ ದಾಖಲೆ ಕಾಪಾಡುವ ಜಾಗಕ್ಕೆ) ಹೋಗಬೇಕು, ಹಂಚಿಹೋಗದೆ ಒಟ್ಟಾಗಿ ಹೋಗಬೇಕು. ಮಕ್ಕಳು ಮೊಮ್ಮಕ್ಕಳಿಗೆ ಸ್ಕ್ಯಾನ್ ಸಾಕು. ಮುಂದೆ ಯಾರಾದರೂ ಇದನ್ನು ಹುಡುಕಿಕೊಂಡು ಹೊರಟರೆ ಅವರು ಮೊದಲು ಯಾವ ಬಾಗಿಲು ತಟ್ಟುತ್ತಾರೋ ಅಲ್ಲಿ ಅದು ಸಿಗಬೇಕು, ನನ್ನ ಲೆಕ್ಕ ಅಷ್ಟೇ. ಎಲ್ಲರಿಗೂ ಇದೇ ಸರಿ ಎಂದಲ್ಲ. ಯಾರಿಗೆ ಸರಿ, ಯಾರಿಗೆ ಅಲ್ಲ ಎಂದು ಮುಂದೆ ನೋಡೋಣ.

ಮೊದಲು ಕಾಗದದ ಜಾತಕ

ಮೆನೊನೈಟರು 1525ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಅನಬ್ಯಾಪ್ಟಿಸ್ಟ್ ಚಳವಳಿಯ ಕುಡಿಗಳು. ಹೆಸರು ಬಂದದ್ದು ಮೆನ್ನೊ ಸೈಮನ್ಸ್‌ನಿಂದ. ಫ್ರೀಸ್‌ಲ್ಯಾಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಆತ 1536ರಲ್ಲಿ ಆ ಕೆಲಸ ಬಿಟ್ಟು ಇವರ ಜೊತೆ ಸೇರಿದ. ಇವರು ಯುದ್ಧಕ್ಕೆ ಹೋಗುವುದಿಲ್ಲ, ಆಣೆ ಇಡುವುದಿಲ್ಲ, ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ.

ಆ ಮೂರನೆಯದು ನಮ್ಮ ಕೆಲಸಕ್ಕೆ ಮುಖ್ಯ. ಕ್ಯಾಥೊಲಿಕ್ ಅಥವಾ ಲೂಥರನ್ ಸಭೆಯಲ್ಲಿ ದೀಕ್ಷಾಸ್ನಾನದ ತಾರೀಕು ಸಿಕ್ಕರೆ ಹುಟ್ಟಿದ ತಾರೀಕು ಅದರ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಹಾಗಲ್ಲ. ಹುಡುಗನೋ ಹುಡುಗಿಯೋ ದೊಡ್ಡವರಾದ ಮೇಲೆ ತಾವಾಗಿ ಒಪ್ಪಿ ಪಡೆಯುವ ಸಂಸ್ಕಾರ ಅದು. ಹಾಗಾಗಿ ಯಾರು ಯಾವಾಗ ಹುಟ್ಟಿದರು ಎಂದು ತಿಳಿಯಬೇಕಾದರೆ ಸಭೆಯ ಕುಟುಂಬ ರಿಜಿಸ್ಟರ್ ನೋಡಬೇಕು, ಇಲ್ಲವೇ ಮನೆಯ ದೊಡ್ಡ ಬೈಬಲ್ಲಿನ ಖಾಲಿ ಹಾಳೆ ತೆಗೆಯಬೇಕು. ರಿಜಿಸ್ಟರಿನ ಒಂದು ಪುಟ ತೆಗೆದರೆ ಒಂದು ಇಡೀ ಸಂಸಾರ. ಮೇಲೆ ಗಂಡ, ಹೆಂಡತಿ, ಇಬ್ಬರ ಅಪ್ಪ ಅಮ್ಮ. ಕೆಳಗೆ ಮಕ್ಕಳ ಸಾಲು. ಪ್ರತಿ ಹೆಸರಿನ ಮುಂದೆ ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಮದುವೆ, ಸಾವು. ಮೊದಲನೆಯ ಮಗ ಯೋಹಾನ್, ಅವನ ಮುಂದೆ ಪುಟ್ಟ ಶಿಲುಬೆ ಗುರುತು, ಎರಡು ಸಾಲು ಕೆಳಗೆ ಮತ್ತೊಬ್ಬ ಯೋಹಾನ್. ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದರು. ಬರೆದವನ ಕೈ ಬದಲಾದಾಗ ಶಾಯಿಯ ಬಣ್ಣವೂ ಬದಲಾಗಿರುತ್ತದೆ, ಆಮೇಲಿನವರು ಪೆನ್ಸಿಲಿನಲ್ಲಿ 'ಮೆಕ್ಸಿಕೊಗೆ ಹೋದರು' ಅಂತ ಅಂಚಿನಲ್ಲಿ ಗೀಚಿರುತ್ತಾರೆ. ಅಂಥ ಗೀಚು ಕೂಡ ಇತಿಹಾಸವೇ, 1922ರಲ್ಲಿ ಮ್ಯಾನಿಟೋಬಾದಿಂದ ಊರಿಗೆ ಊರೇ ಮೆಕ್ಸಿಕೊಗೆ ಎದ್ದು ಹೋಗಲು ಶುರುವಾಗಿತ್ತು, ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳಿಸಲೇಬೇಕು ಎಂದು ಸರಕಾರ ಪಟ್ಟು ಹಿಡಿದಿದ್ದಕ್ಕೆ.

ಹೆಸರುಗಳ ಗೋಜಲು ಬೇರೆ. ಪೆನ್ನರ್, ಫ್ರೀಸನ್, ಡಿಕ್, ವೀಬ್, ರೈಮರ್, ಹೀಬರ್ಟ್. ಸುತ್ತಿ ಸುತ್ತಿ ಇವೇ ಮನೆತನದ ಹೆಸರು, ಮುಂದೆ ಯಾಕೋಬ್, ಪೀಟರ್, ಕತರೀನಾ, ಹೆಲೇನಾ. ನಮ್ಮಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಜನ ಮಂಜುನಾಥ ಇದ್ದ ಹಾಗೆ. ಅದಕ್ಕೇ ಒಂದು ಪತ್ರ ತನ್ನ ಕಟ್ಟಿನಿಂದ ಬೇರೆಯಾದರೆ ಅದು ಯಾವ ಪೀಟರ್ ಫ್ರೀಸನ್ ಬರೆದದ್ದು ಅಂತ ಹೇಳುವವರೇ ಇರುವುದಿಲ್ಲ. ಕಟ್ಟನ್ನು ಹಂಚಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮನೆಯಲ್ಲೇ ಇಟ್ಟುಕೊಂಡರೆ?

ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಖರ್ಚಿಲ್ಲ, ಬೇಕಾದಾಗ ತೆಗೆದು ನೋಡಬಹುದು, ಬೈಬಲ್ ಮನೆಯಲ್ಲಿದೆ ಎಂಬ ಸಮಾಧಾನ ಬೇರೆ. ಒಂದು ತಲೆಮಾರಿನ ಮಟ್ಟಿಗೆ ತಪ್ಪೇನೂ ಇಲ್ಲ.

ಕಷ್ಟ ಇರುವುದು ಜಾಗದಲ್ಲಿ. ಇಲ್ಲಿನ ಮನೆಗಳಲ್ಲಿ ಕಾಗದ ಹೋಗಿ ಸೇರುವುದು ಬೇಸ್‌ಮೆಂಟಿಗೆ ಅಥವಾ ಅಟ್ಟಕ್ಕೆ. ಬೇಸ್‌ಮೆಂಟಿನಲ್ಲಿ ತೇವ, ಪೈಪ್ ಒಡೆಯುವ ಭಯ, ಬೂಷ್ಟು. ಅಟ್ಟದಲ್ಲಿ ಬೇಸಿಗೆಯ ಬಿಸಿ, ಚಳಿಗಾಲದ ಮೈನಸ್ ಮೂವತ್ತು. ಕಾಗದಕ್ಕೆ ಬೇಕಾದ್ದು ತಂಪು ಮತ್ತು ಏರುಪೇರಿಲ್ಲದ ಹವೆ: ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 35ರಿಂದ 50ರ ಒಳಗೆ. ಹಾಗಾಗಿ ಮನೆಯಲ್ಲೇ ಇಡುವುದಾದರೆ ನೀವು ಮಲಗುವ ಕೋಣೆಯ ಬೀರುವಿನಲ್ಲಿಡಿ, ಹೊರಗೋಡೆಗೆ ಒತ್ತಿದ ಹಾಗೆ ಬೇಡ. ನಿಮಗೆ ಹಿತವಾದ ಹವೆ ಕಾಗದಕ್ಕೂ ಹೆಚ್ಚುಕಮ್ಮಿ ಹಿತ.

ಇನ್ನೊಂದು ಕಷ್ಟ ಹವೆಯದಲ್ಲ, ಮನುಷ್ಯರದು. ಇವತ್ತು ಹಿರಿಯ ಅಕ್ಕನ ಹತ್ತಿರ ಇದೆ, ಅವರಿಗೆ ಎಲ್ಲವೂ ಗೊತ್ತು. ಅವರ ಮಕ್ಕಳಿಗೆ ಜರ್ಮನ್ ಬರುವುದಿಲ್ಲ. ಮೊಮ್ಮಕ್ಕಳಿಗೆ ಆ ಡಬ್ಬಿ ಏನು ಅಂತಲೇ ಗೊತ್ತಿಲ್ಲ. ಮೂರು ಜನ ಅಣ್ಣತಮ್ಮಂದಿರು ಇದ್ದರಂತೂ ಆಸ್ತಿ ಹಂಚಿದ ಹಾಗೆ ಫೋಟೊ ಒಬ್ಬನಿಗೆ, ಪತ್ರ ಒಬ್ಬನಿಗೆ, ಬೈಬಲ್ ಒಬ್ಬನಿಗೆ. ಅಲ್ಲಿಗೆ ಕತೆ ಮುಗಿಯಿತು.

ಮನೆಯಲ್ಲಿ ಇಟ್ಟುಕೊಳ್ಳಬಹುದು ಅಂತ ನನಗೆ ಅನ್ನಿಸುವುದು ಬೈಬಲ್ ಒಂದನ್ನು ಮಾತ್ರ. ಅಚ್ಚಾದ ಹಳೇ ಜರ್ಮನ್ ಬೈಬಲ್ಲುಗಳು ಆರ್ಕೈವಿನಲ್ಲಿ ಬೇಕಾದಷ್ಟಿವೆ, ಅವರಿಗೆ ಬೇಕಾದ್ದು ಅದರೊಳಗಿನ ಬರೆದ ಹಾಳೆ. ಆ ಹಾಳೆಗಳನ್ನು, ಶೀರ್ಷಿಕೆಯ ಪುಟವನ್ನೂ ಸೇರಿಸಿ, ಚೆನ್ನಾಗಿ ಸ್ಕ್ಯಾನ್ ಮಾಡಿ ಕೊಟ್ಟು ಬೈಬಲ್ ಮನೆಯಲ್ಲಿ ಇಟ್ಟುಕೊಳ್ಳಿ. ಹಾಳೆ ಹರಿದು ಕೊಡಬೇಡಿ ಮಾತ್ರ!

ಸಭೆಯ ಕಪಾಟು

ಸಭೆಯ ಕಾಗದ ಸಭೆಯಲ್ಲೇ ಇರಲಿ ಎಂಬುದು ಕೇಳಲು ಸರಿಯಾಗಿದೆ. ನಾನು ಇದನ್ನು ಎಲ್ಲಕ್ಕಿಂತ ಕೆಳಗೆ ಇಡುತ್ತೇನೆ. ಕಾರ್ಯದರ್ಶಿ ಬದಲಾದಂತೆ ನಡಾವಳಿ ಪುಸ್ತಕ ಅವರ ಮನೆಗೆ ಹೋಗುತ್ತದೆ, ವಾಪಸ್ ಬಂದರೆ ಬಂತು. ನನಗೆ ಗೊತ್ತಿರುವ ಒಂದು ಸಭೆಯವರು ಅಡುಗೆಮನೆ ದೊಡ್ಡದು ಮಾಡುವಾಗ ಕಪಾಟು ಖಾಲಿ ಮಾಡಿದರು, ಎರಡು ದಶಕದ ನಡಾವಳಿ ರೀಸೈಕ್ಲಿಂಗ್ ಗಾಡಿಗೆ ಹೋಯಿತು. ಯಾರೂ ಕೆಟ್ಟವರಲ್ಲ. ಯಾರದ್ದು ಜವಾಬ್ದಾರಿ ಎಂದು ಬರೆದಿಟ್ಟಿರಲಿಲ್ಲ, ಅಷ್ಟೇ.

ಚಾಲ್ತಿಯಲ್ಲಿರುವ ರಿಜಿಸ್ಟರ್ ಸಭೆಯಲ್ಲಿರಲಿ. ಹತ್ತು ವರ್ಷಕ್ಕಿಂತ ಹಳೆಯದನ್ನು ಕಂತು ಕಂತಾಗಿ ಆರ್ಕೈವಿಗೆ ಕಳಿಸುವ ರೂಢಿ ಮಾಡಿಕೊಂಡರೆ ಸಾಕು. ಸಭೆ ಮುಚ್ಚುವ ದಿನದವರೆಗೆ ಕಾಯಬೇಡಿ. ಆ ಹೊತ್ತಿಗೆ ಎಲ್ಲರಿಗೂ ದುಃಖ, ಎಲ್ಲರಿಗೂ ಅವಸರ.

ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದರೆ ಸಾಲದೇ?

ಈಗಿನ ಹುಡುಗರೆಲ್ಲ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರವಾಗಿ ಒಂದು ನಿಜವಾದ ಕತೆ ಇದೆ, ಸ್ವಲ್ಪ ಉದ್ದ.

ಈಗಿನ ಉಕ್ರೇನಿನ ದಕ್ಷಿಣದಲ್ಲಿ ಮೆನೊನೈಟರ ಎರಡು ದೊಡ್ಡ ವಸಾಹತುಗಳಿದ್ದವು, ಒಂದು 1789ರಲ್ಲಿ ಶುರುವಾದ ಖೋರ್ಟಿತ್ಸಾ, ಇನ್ನೊಂದು 1804ರ ಮೊಲೋಚ್ನಾ. ಮೊಲೋಚ್ನಾದಲ್ಲಿ ಪೀಟರ್ ಬ್ರೌನ್ ಎಂಬ ಮೇಷ್ಟರು, ರಷ್ಯಾದ ಕ್ರಾಂತಿಯ ಹೊತ್ತಿನಲ್ಲಿ, ವಸಾಹತಿನ ಕಚೇರಿಯ ಕಾಗದಗಳನ್ನೆಲ್ಲ ಕಲೆಹಾಕಿ ಒಂದು ದೊಡ್ಡ ಸಂಗ್ರಹ ಮಾಡಿದರು. ನೂರು ವರ್ಷಕ್ಕೂ ಮೇಲಿನ ಕಾಗದ: ಶಾಲೆ, ಜಮೀನು, ಜನಗಣತಿ, ಜಗಳ, ದನದ ಲೆಕ್ಕ. 1929ರಲ್ಲಿ ಸೋವಿಯತ್ ಅಧಿಕಾರಿಗಳು ಅದನ್ನು ಎತ್ತಿಕೊಂಡು ಹೋದರು. ಸುಟ್ಟುಹೋಯಿತು ಅಂತಲೇ ಎಲ್ಲರೂ ನಂಬಿದ್ದರು. 1990ರಲ್ಲಿ ಟೊರಾಂಟೊದ ಇತಿಹಾಸಕಾರ ಹಾರ್ವಿ ಡಿಕ್ ಅದನ್ನು ಒಡೆಸ್ಸಾದ ಸರಕಾರಿ ಆರ್ಕೈವಿನಲ್ಲಿ ಕಂಡರು. ಒಂದು ಲಕ್ಷಕ್ಕೂ ಹೆಚ್ಚು ಪುಟ ಮೈಕ್ರೋಫಿಲ್ಮ್ ಆಗಿ ಕೆನಡಾಕ್ಕೆ ಬಂತು. ಮೂಲ ಒಡೆಸ್ಸಾದಲ್ಲೇ ಉಳಿಯಿತು.

ಈ ಕತೆಯನ್ನು ನಕಲು ಸಾಕು ಎನ್ನುವವರೂ ಮೂಲವೇ ಬೇಕು ಎನ್ನುವವರೂ ತಮಗೆ ಬೇಕಾದ ಹಾಗೆ ಹೇಳುತ್ತಾರೆ. ನಕಲು ಬಂದಿದ್ದರಿಂದಲೇ ಇಲ್ಲಿನವರು ಅದನ್ನು ಓದುವಂತಾಯಿತು, ಅದು ನಿಜ. ಆದರೆ ಅರವತ್ತು ವರ್ಷ ಯಾರೂ ಕಣ್ಣೆತ್ತಿ ನೋಡದೆ ಇದ್ದರೂ ಕಾಗದ ಬದುಕಿತ್ತು, ಅದೂ ನಿಜ ಅಲ್ವಾ? ಹಾರ್ಡ್ ಡಿಸ್ಕನ್ನು ಅರವತ್ತು ವರ್ಷ ಕಪಾಟಿನಲ್ಲಿಟ್ಟು ಆಮೇಲೆ ತೆರೆದು ನೋಡಿ. ಸ್ಕ್ಯಾನ್‌ಗೆ ಪ್ರತಿ ಐದಾರು ವರ್ಷಕ್ಕೆ ಯಾರಾದರೂ ಸೇವೆ ಮಾಡುತ್ತಿರಬೇಕು: ಹೊಸ ಡಿಸ್ಕಿಗೆ ನಕಲು, ಹೊಸ ಪಾಸ್‌ವರ್ಡ್, ಮುಚ್ಚಿಹೋದ ಕಂಪನಿಯಿಂದ ಬೇರೆ ಕಡೆಗೆ ಸಾಗಣೆ. ಫೇಸ್‌ಬುಕ್ಕಿನ ಕುಟುಂಬ ಗುಂಪಿಗೆ ಹಾಕಿದ ಫೋಟೊ ಕುಗ್ಗಿ ಹೋಗಿರುತ್ತದೆ, ದೊಡ್ಡದು ಮಾಡಿದರೆ ಮುಖ ಕಾಣುವುದಿಲ್ಲ. ಅದು ತೋರಿಸಲು ಸರಿ, ಉಳಿಸಲು ಅಲ್ಲ.

ನೆಟ್ಟಿಗೇ ಹಾಕುವುದಾದರೆ ಎಲ್ಲಿ? ಕೆನಡಾದ ಮೆನೊನೈಟ್ ಆರ್ಕೈವುಗಳೆಲ್ಲ ಕೂಡಿ ಫೋಟೊಗಳಿಗಾಗಿಯೇ 2015ರಲ್ಲಿ ಮೇಯ್ಡ್ (MAID) ಎಂಬ ಡೇಟಾಬೇಸ್ ಶುರು ಮಾಡಿದ್ದಾರೆ. ನಿಮ್ಮ ಫೋಟೊ ಯಾವುದಾದರೂ ಸದಸ್ಯ ಆರ್ಕೈವಿಗೆ ಹೋದರೆ ಅಲ್ಲಿಗೂ ಬರುವ ಸಾಧ್ಯತೆ ಇದೆ, ಮತ್ತು ಹುಡುಕುವವರು ನಿಜವಾಗಿ ಅಲ್ಲೇ ಹುಡುಕುತ್ತಾರೆ. ವಂಶಾವಳಿಗೆ ಕ್ಯಾಲಿಫೋರ್ನಿಯಾದ ಮೆನೊನೈಟ್ ಹಿಸ್ಟಾರಿಕಲ್ ಸೊಸೈಟಿ ನಡೆಸುವ 'ಗ್ರ್ಯಾಂಡ್ಮಾ' ಎಂಬ ಡೇಟಾಬೇಸ್ ಇದೆ (ಹೆಸರು ಕೇಳಿ ನಗಬೇಡಿ, ರಷ್ಯಾ ಕಡೆಯಿಂದ ಬಂದ ಮನೆತನದವರಿಗೆ ಅದು ನಿಧಿ). ಅದಕ್ಕೆ ಹೆಸರು, ತಾರೀಕು ಕೊಡಬಹುದು, ಕಾಗದ ಕೊಡುವ ಜಾಗ ಅದಲ್ಲ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣ ಉಚಿತ, ಬಹಳ ದೊಡ್ಡದು, ಆದರೆ ನಡೆಸುವವರು ಮಾರ್ಮನ್ ಸಭೆಯವರು. ತೀರಿಹೋದವರಿಗೆ ಅವರು ತಮ್ಮ ಪದ್ಧತಿಯಲ್ಲಿ ದೀಕ್ಷಾಸ್ನಾನ ಮಾಡಿಸುವ ರೂಢಿ ಇದೆ. ಸ್ವಂತ ಒಪ್ಪಿಗೆಯ ದೀಕ್ಷಾಸ್ನಾನಕ್ಕಾಗಿ ಪ್ರಾಣ ಕೊಟ್ಟವರ ಮೊಮ್ಮಕ್ಕಳಿಗೆ ಇದು ಸರಿ ಕಾಣದಿದ್ದರೆ ಆಶ್ಚರ್ಯವಿಲ್ಲ. ಮನೆಯ ಹಿರಿಯರನ್ನು ಕೇಳಿ ಹಾಕಿ.

ಸ್ಕ್ಯಾನ್ ಮಾಡುವ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಾಗದಕ್ಕೆ 300ರಿಂದ 400 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬ ಅಳತೆ), ಫೋಟೊಗೆ 600. ಉಳಿಸುವ ಪ್ರತಿ ಟಿಫ್, ಹಂಚುವ ಪ್ರತಿ ಜೆಪೆಗ್. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ; 'ಲೇನಾ ಅತ್ತೆ, ಹಾಲ್ಬ್‌ಷ್ಟಾಟ್' ಎಂಬ ಎರಡು ಪದ ಅಲ್ಲೇ ಇರುತ್ತದೆ. ಹಾಲ್ಬ್‌ಷ್ಟಾಟ್ ಈಗ ಮೊಲೊಚಾನ್ಸ್ಕ್ ಆಗಿದೆ, ಅದನ್ನೂ ಪಕ್ಕದಲ್ಲಿ ಬರೆದಿಡಿ. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಕ್ಯಾಸೆಟ್ಟುಗಳಿದ್ದರೆ, ಅಜ್ಜ ಪ್ಲಾಟ್‌ಡೀಚ್ ಭಾಷೆಯಲ್ಲಿ (ರಷ್ಯಾ ಕಡೆಯ ಮೆನೊನೈಟರ ಮನೆಮಾತು) ಕತೆ ಹೇಳಿದ್ದೋ, ಸಭೆಯಲ್ಲಿ ಪ್ರಸಂಗ, ಅಂದರೆ ಪ್ರವಚನ, ಮಾಡಿದ್ದೋ, ಅದನ್ನು ಎಲ್ಲಕ್ಕಿಂತ ಮೊದಲು ಡಿಜಿಟಲ್ ಮಾಡಿಸಿ. ಕಾಗದ ಕಾಯುತ್ತದೆ, ಟೇಪು ಕಾಯುವುದಿಲ್ಲ.

ಮ್ಯೂಸಿಯಂ, ಸರಕಾರಿ ಆರ್ಕೈವ್

ಮ್ಯೂಸಿಯಂಗೆ ಕೊಡಬೇಕಾದ್ದು ವಸ್ತು. ಅಜ್ಜಿಯ ಪೆಟ್ಟಿಗೆ, ಗೋಡೆ ಗಡಿಯಾರ, ನೇಗಿಲು ಇದ್ದರೆ ಮ್ಯಾನಿಟೋಬಾದ ಸ್ಟೈನ್‌ಬಾಕ್‌ನ ಮೆನೊನೈಟ್ ಹೆರಿಟೇಜ್ ವಿಲೇಜ್‌ನಂಥ ಜಾಗವನ್ನು ಕೇಳಿ. ಕಾಗದ ಅಲ್ಲಿಗೆ ಎರಡನೇ ಆಯ್ಕೆ.

ಸರಕಾರಿ ಆರ್ಕೈವ್ ಕೆಟ್ಟದ್ದೇನಲ್ಲ. ಹಣ ಇದೆ, ಕಟ್ಟಡ ಗಟ್ಟಿ, ಸಭೆ ಒಡೆದರೂ ಸರಕಾರ ಇರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಮೆನೊನೈಟ್ ಸಭೆಯ ಹಳೆಯ ಅಮೂಲ್ಯ ಸಂಗ್ರಹ ಈಗಿರುವುದು ಆ ನಗರದ ಆರ್ಕೈವಿನಲ್ಲೇ, ಸಂಶೋಧಕರು ಅಲ್ಲಿಗೇ ಹೋಗುತ್ತಾರೆ. ಆದರೆ ಅದು ಹೆಸರಾದ ಸಂಗ್ರಹ. ಮ್ಯಾನಿಟೋಬಾದ ಒಬ್ಬ ರೈತನ ಪತ್ರದ ಕಟ್ಟು ದೊಡ್ಡ ಸರಕಾರಿ ಆರ್ಕೈವಿನಲ್ಲಿ ಎಲ್ಲೋ ಮೂಲೆ ಸೇರುತ್ತದೆ. ಹಳೇ ಜರ್ಮನ್ ಕೈಬರಹ ಓದಿ, ಇವನು ಯಾವ ಊರಿನ ಯಾವ ಡಿಕ್ ಎಂದು ಗುರುತಿಸಿ ಪಟ್ಟಿ ಮಾಡುವವರು ಅಲ್ಲಿ ಇರುವ ಸಾಧ್ಯತೆ ಕಡಿಮೆ. ಪಟ್ಟಿಯಲ್ಲಿ ಇಲ್ಲದ ಕಾಗದ ಇಲ್ಲದ ಹಾಗೇ. ಮನೆಯವರು ರಾಜಕೀಯದಲ್ಲೋ ಊರ ಆಡಳಿತದಲ್ಲೋ ಹೆಸರು ಮಾಡಿದ್ದರೆ ಮಾತ್ರ ಲೆಕ್ಕ ಬೇರೆ.

ಹಾಗಾದರೆ ಯಾವ ಮೆನೊನೈಟ್ ಆರ್ಕೈವ್?

ಜನ ಜಾಸ್ತಿ ಎಡವುವುದು ಇಲ್ಲೇ. 'ಮೆನೊನೈಟ್ ಆರ್ಕೈವ್' ಎಂದರೆ ಒಂದೇ ಇದೆ ಎಂದುಕೊಳ್ಳುತ್ತಾರೆ. ಇವರಲ್ಲಿ ಕವಲುಗಳು ಎಷ್ಟೋ, ಆರ್ಕೈವುಗಳೂ ಅಷ್ಟೇ.

ಮೊದಲು ಮನೆತನದ ದಾರಿ ನೋಡಿ. ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಯಿಂದ ಪೆನ್ಸಿಲ್ವೇನಿಯಾಕ್ಕೆ, ಅಲ್ಲಿಂದ ಕೆಲವರು ಒಂಟಾರಿಯೊಗೆ ಬಂದದ್ದು ಒಂದು ದಾರಿ. ನೆದರ್ಲೆಂಡ್ಸ್ ಕಡೆಯಿಂದ ವಿಸ್ತುಲಾ ನದಿಯ ಬಯಲಿಗೆ, ಅಲ್ಲಿಂದ ರಷ್ಯಾ ಸಾಮ್ರಾಜ್ಯಕ್ಕೆ, 1874ರಿಂದ ಮುಂದೆ ಮ್ಯಾನಿಟೋಬಾ, ಕ್ಯಾನ್ಸಸ್‌ಗೆ, 1920ರ ದಶಕದಲ್ಲಿ ಮತ್ತೊಂದು ಗುಂಪು ಕೆನಡಾಕ್ಕೆ ಬಂದದ್ದು ಇನ್ನೊಂದು ದಾರಿ. ಅಡ್ಡಹೆಸರು ನೋಡಿದರೇ ಅರ್ಧ ಗೊತ್ತಾಗುತ್ತದೆ. ಬ್ರುಬೇಕರ್, ಮಾರ್ಟಿನ್, ವೀವರ್ ಆದರೆ ಸ್ವಿಸ್ ಕಡೆ, ಪೆನ್ನರ್, ಡಿಕ್ ಆದರೆ ರಷ್ಯಾ ಕಡೆ.

ಆಮೇಲೆ ಸಭೆ. ರಷ್ಯಾ ಕಡೆಯವರಲ್ಲಿ 1860ರಲ್ಲಿ ಮೆನೊನೈಟ್ ಬ್ರದರನ್ ಎಂಬ ಗುಂಪು ಒಡೆದು ಬೇರೆಯಾಯಿತು. ವಿನಿಪೆಗ್‌ನಲ್ಲಿ ಈ ಕಾರಣಕ್ಕೇ ಎರಡು ಆರ್ಕೈವ್. ಶಾಫ್ಟ್ಸ್‌ಬರಿ ರಸ್ತೆಯಲ್ಲಿ ಮೆನೊನೈಟ್ ಹೆರಿಟೇಜ್ ಆರ್ಕೈವ್ಸ್, ಕೆನೇಡಿಯನ್ ಮೆನೊನೈಟ್ ಯೂನಿವರ್ಸಿಟಿಯ ಆವರಣದಲ್ಲಿ. ಟೇಲರ್ ಅವೆನ್ಯೂದಲ್ಲಿ ಬ್ರದರನ್‌ನವರ ಸೆಂಟರ್ ಫಾರ್ ಮೆನೊನೈಟ್ ಬ್ರದರನ್ ಸ್ಟಡೀಸ್. ಅಮೆರಿಕದ ಬ್ರದರನ್‌ನವರಿಗೆ ಕ್ಯಾಲಿಫೋರ್ನಿಯಾದ ಫ್ರೆಸ್ನೊ, ಮತ್ತು ಕ್ಯಾನ್ಸಸ್‌ನ ಹಿಲ್ಸ್‌ಬೊರೊ. ಕ್ಯಾನ್ಸಸ್‌ನಲ್ಲೇ, ಅಲ್ಲಿಂದ ದೂರವಲ್ಲದ ನಾರ್ತ್ ನ್ಯೂಟನ್ನಿನ ಬೆಥೆಲ್ ಕಾಲೇಜಿನಲ್ಲಿ ಇರುವುದು ಬೇರೆ ಕವಲಿನ ಆರ್ಕೈವ್.

ಒಂಟಾರಿಯೊದವರ ಕೆಲಸ ಸುಲಭ. ವಾಟರ್ಲೂ ಯೂನಿವರ್ಸಿಟಿಗೆ ಸೇರಿಕೊಂಡ, ಮೆನೊನೈಟರದೇ ಆದ ಕಾನ್ರಾಡ್ ಗ್ರೆಬಲ್ ಕಾಲೇಜಿನಲ್ಲಿ ಮೆನೊನೈಟ್ ಆರ್ಕೈವ್ಸ್ ಆಫ್ ಒಂಟಾರಿಯೊ ಇದೆ. ಯೂನಿವರ್ಸಿಟಿಗೆ ಕೊಡಲೋ ಸಭೆಗೆ ಕೊಡಲೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಬ್ರಿಟಿಷ್ ಕೊಲಂಬಿಯಾದವರಿಗೆ ಅಬಟ್ಸ್‌ಫರ್ಡ್, ಆಲ್ಬರ್ಟಾದವರಿಗೆ ಕ್ಯಾಲ್ಗರಿ. ಸ್ವಿಸ್ ಕಡೆಯವರಿಗೆ ಪೆನ್ಸಿಲ್ವೇನಿಯಾದ ಲ್ಯಾಂಕ್ಯಾಸ್ಟರ್, ವರ್ಜೀನಿಯಾದ ಹ್ಯಾರಿಸನ್‌ಬರ್ಗ್. ಜರ್ಮನಿಯಲ್ಲೇ ಉಳಿದ ನೆಂಟರ ಕಾಗದವಾದರೆ ವೈಯರ್‌ಹೋಫ್. ಹಳೇ ಪದ್ಧತಿ ಬಿಡದೆ ಕುದುರೆ ಗಾಡಿಯಲ್ಲೇ ಓಡಾಡುವ ಓಲ್ಡ್ ಆರ್ಡರ್ ಕವಲಿನ ಮನೆಗಳವರು ಕಾಲೇಜು, ಕಂಪ್ಯೂಟರಿನ ಹತ್ತಿರ ಹೋಗಲು ಇಷ್ಟಪಡದಿದ್ದರೆ ಅವರಿಗೆ ಹಿತವಾದ ಸ್ವಂತದ ಲೈಬ್ರರಿಗಳೇ ಇವೆ, ಪೆನ್ಸಿಲ್ವೇನಿಯಾದಲ್ಲಿ ಮಡ್ಡಿ ಕ್ರೀಕ್ ಫಾರ್ಮ್ ಲೈಬ್ರರಿ ಅಂಥದ್ದು. ಅಂಥ ಮನೆಯ ಫೋಟೊ, ಕಾಗದವನ್ನು ನೀವು ಉತ್ಸಾಹದಿಂದ ನೆಟ್ಟಿಗೆ ಏರಿಸಬೇಡಿ ದಯವಿಟ್ಟು.

ಅತ್ತೆಯ ಕಡೆ ಬ್ರದರನ್, ಮಾವನ ಕಡೆ ಬೇರೆ ಸಭೆ, ಒಂದೇ ಡಬ್ಬಿಯಲ್ಲಿ ಎರಡೂ ಕಲೆತಿದ್ದರೆ? ನಮ್ಮ ಮನೆಯದೂ ಇದೇ ಕತೆ. ನನ್ನ ಉತ್ತರ: ಬೇರ್ಪಡಿಸಬೇಡಿ. ಯಾವುದು ಜಾಸ್ತಿ ಇದೆಯೋ ಆ ಕಡೆಗೆ ಇಡೀ ಡಬ್ಬಿ ಕೊಡಿ. ಎರಡೂ ಕಡೆಯವರು ಒಬ್ಬರಿಗೊಬ್ಬರು ಪರಿಚಯದವರೇ, ಇಲ್ಲಿಲ್ಲ ಅಲ್ಲಿದೆ ಎಂದು ದಾರಿ ತೋರಿಸುತ್ತಾರೆ.

ದಾನವೋ, ಇಡುವುದೋ, ನಕಲಿಗೆ ಕೊಡುವುದೋ

ಮೂರು ಬಗೆಯಲ್ಲಿ ಕೊಡಬಹುದು. ದಾನ ಮಾಡಿದರೆ ಕಾಗದ ಅವರದ್ದೇ. ಒಂದು ದಾನಪತ್ರಕ್ಕೆ ಸಹಿ ಹಾಕಬೇಕು. ಆರ್ಕೈವುಗಳಿಗೆ ಇದೇ ಇಷ್ಟ, ನಾಳೆ ಯಾರೋ ಮೊಮ್ಮಗ ಬಂದು ವಾಪಸ್ ಕೊಡಿ ಅನ್ನುವಂತಿಲ್ಲ, ಅವರೂ ಧೈರ್ಯವಾಗಿ ಹಣ ಖರ್ಚು ಮಾಡುತ್ತಾರೆ. ಎರಡನೆಯದು, ಒಡೆತನ ನಿಮ್ಮಲ್ಲೇ, ಜಾಗ ಮಾತ್ರ ಅವರದು. ಸಭೆಗಳಿಗೆ ಇದು ಹೊಂದುತ್ತದೆ, ಸಭೆ ಇನ್ನೂ ನಡೆಯುತ್ತಿರುತ್ತದಲ್ಲ. ಮನೆಯವರಿಗೆ ನಾನು ಇದನ್ನು ಹೇಳುವುದಿಲ್ಲ. ಒಡೆತನ ಐದು ಜನ ಮಕ್ಕಳ ನಡುವೆ ನೇತಾಡುತ್ತದೆ. ಮೂರನೆಯದು, ಅವರು ಸ್ಕ್ಯಾನ್ ಮಾಡಿಕೊಂಡು ಮೂಲ ವಾಪಸ್ ಕೊಡುವುದು. ಮನೆಯಲ್ಲಿ ಒಬ್ಬರಾದರೂ ಕೊಡಲು ಒಲ್ಲೆ ಎನ್ನುತ್ತಿದ್ದರೆ ಇದನ್ನೇ ಕೇಳಿ ನೋಡಿ. ಎಲ್ಲ ಆರ್ಕೈವೂ ಒಪ್ಪುವುದಿಲ್ಲ, ಕೆಲಸದವರು ಕಡಿಮೆ.

ಸಹಿ ಹಾಕುವ ಮುಂಚೆ ಮಾತಾಡಬೇಕಾದ್ದು ಇದೆ. ಬೇಡ ಎಂದು ಅವರು ತೆಗೆದಿಟ್ಟದ್ದನ್ನು ವಾಪಸ್ ಕೊಡುತ್ತಾರೋ, ಎಸೆಯುತ್ತಾರೋ? ಇದನ್ನು ಬರೆಸಿ. ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕು? ಸಭೆಯ ನಡಾವಳಿಯಲ್ಲಿ ಸೂಕ್ಷ್ಮವಾದದ್ದು ಬಹಳ ಇರುತ್ತದೆ. ಕುಡಿದದ್ದಕ್ಕೆ ಎಚ್ಚರಿಕೆ ಕೊಟ್ಟದ್ದು, ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿದ ಹುಡುಗನನ್ನು ಸಭೆಯಿಂದ ಹೊರಗಿಟ್ಟದ್ದು, ಯಾರದ್ದೋ ಮನೆಯ ಒಳಜಗಳ. ಅವರ ಮಕ್ಕಳು ಇನ್ನೂ ಅದೇ ಊರಿನಲ್ಲಿ ಇರಬಹುದು. ಅದಕ್ಕೆ ಹರಿದು ಹಾಕುವುದು ದಾರಿಯಲ್ಲ, ಇಷ್ಟು ವರ್ಷ ತೆರೆಯಬಾರದು ಎಂದು ಷರತ್ತು ಹಾಕಿದರೆ ಆಯಿತು.

ಇನ್ನು ಹಕ್ಕಿನ ಮಾತು. ನಿಮ್ಮ ಅಜ್ಜನಿಗೆ ಬಂದ ಪತ್ರದ ಕಾಗದ ನಿಮ್ಮದು, ಅದರೊಳಗಿನ ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಕೆನಡಾದಲ್ಲಿ 2022ರ ಕೊನೆಯಿಂದ ಈ ಅವಧಿ ಬರೆದವರು ತೀರಿಕೊಂಡ ಮೇಲೆ 50 ವರ್ಷ ಇದ್ದದ್ದು 70 ಆಗಿದೆ. ಆರ್ಕೈವಿಗೆ ಕೊಡಲು ಇದು ಅಡ್ಡಿಯಲ್ಲ. ಪುಸ್ತಕವಾಗಿ ಅಚ್ಚು ಹಾಕಿಸುವುದಾದರೆ ನೆನಪಿರಲಿ.

ತೆರಿಗೆ ರಸೀದಿ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಅವಕಾಶ ಇದೆ, ಆದರೆ ಬೆಲೆ ಕಟ್ಟಿಸಬೇಕು, ಮತ್ತು ಸಾಮಾನ್ಯ ಮನೆಯ ಪತ್ರಗಳಿಗೆ ಆ ಖರ್ಚು ಗಿಟ್ಟುವುದಿಲ್ಲ. ಬದಲಿಗೆ ನೀವೇ ಸ್ವಲ್ಪ ಹಣ ಕೊಟ್ಟರೆ ನಿಮ್ಮ ಡಬ್ಬಿಯ ಸರದಿ ಬೇಗ ಬರಬಹುದು. ಫೋಲ್ಡರ್, ಪೆಟ್ಟಿಗೆ, ಪಟ್ಟಿ ಮಾಡುವವರ ಸಂಬಳ ಎಲ್ಲವೂ ಇಂಥ ದೇಣಿಗೆಯಿಂದಲೇ ನಡೆಯಬೇಕು.

ನಮ್ಮ ಕಡೆಯ ಮೆನೊನೈಟರು

ರಾಯಚೂರಿನ ಆಚೆ ಗದ್ವಾಲ, ಮಹಬೂಬ್‌ನಗರ, ವನಪರ್ತಿ ಕಡೆ ಮೆನೊನೈಟ್ ಬ್ರದರನ್ ಸಭೆಗಳು ಬಹಳ ಇವೆ. ರಷ್ಯಾದಿಂದ ಅಬ್ರಹಾಂ ಫ್ರೀಸನ್ ದಂಪತಿ 1889ರಲ್ಲಿ ಬಂದು ನಲ್ಗೊಂಡದಲ್ಲಿ ನೆಲೆ ನಿಂತರು, ಹತ್ತು ವರ್ಷದ ಮೇಲೆ ಅಮೆರಿಕದ ಬ್ರದರನ್‌ನವರು ಬಂದರು. ಅದೇ 1899ರಲ್ಲಿ ಇನ್ನೊಂದು ಕವಲಿನವರು ಬರಗಾಲದ ಬೆನ್ನಲ್ಲೇ ಧಮ್ತರಿಗೆ, ಈಗಿನ ಛತ್ತೀಸ್‌ಗಢಕ್ಕೆ ಬಂದರು. ಮಿಷನರಿಗಳು ಮನೆಗೆ ಬರೆದ ಪತ್ರ, ವರದಿ, ಫೋಟೊ ಸಮುದ್ರದಾಚೆಯ ಆರ್ಕೈವುಗಳಲ್ಲಿವೆ, ಭಾರತದ ಸಭೆಗಳ ರಿಜಿಸ್ಟರ್ ಭಾರತದಲ್ಲೇ. ಬಾಸೆಲ್ ಮಿಷನ್ನಿನ ಕಾಗದ ಅರ್ಧ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಉಳಿದದ್ದು ಮಂಗಳೂರಿನ ಬಲ್ಮಠದ ಕಾಲೇಜಿನಲ್ಲಿ ಇರುವುದು ಗೊತ್ತಿರುವವರಿಗೆ ಇದು ಹೊಸದಲ್ಲ.

ಈ ಭಾಗದ ಸಭೆಗೆ ನನ್ನ ಸಲಹೆ ಬೇರೆ. ರಿಜಿಸ್ಟರ್ ವಿನಿಪೆಗ್‌ಗೋ ಫ್ರೆಸ್ನೊಗೋ ಹೋಗುವುದು ಬೇಡವೇ ಬೇಡ. ಅದನ್ನು ಹುಡುಕುವವರು ತೆಲುಗು ಓದುವವರು, ಅವರ ಮೊಮ್ಮಕ್ಕಳು ವೀಸಾ ತೆಗೆದುಕೊಂಡು ಹೋಗಿ ಮುತ್ತಜ್ಜನ ಹೆಸರು ನೋಡಬೇಕೇ? ಸ್ಕ್ಯಾನ್ ಅಲ್ಲಿಗೆ ಹೋಗಲಿ, ಮೂಲ ಇಲ್ಲೇ ಇರಲಿ. ಇಲ್ಲಿ ಮಳೆ ಮತ್ತು ಗೆದ್ದಲಿನ ಕಾಟ ಇರುವುದರಿಂದ ಕಪಾಟು ಕಬ್ಬಿಣದ್ದಿರಲಿ, ನೆಲದಿಂದ ಎತ್ತರದಲ್ಲಿರಲಿ. ಜಾಗವೇ ಇಲ್ಲ ಎಂದರೆ ದಕ್ಷಿಣ ಭಾರತದ ಸಭೆಗಳ ಕಾಗದ ಇಟ್ಟುಕೊಳ್ಳುವ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಆರ್ಕೈವನ್ನು ವಿಚಾರಿಸಬಹುದು. ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಯೋಜನೆ ಹಾಳಾಗುವ ಸ್ಥಿತಿಯಲ್ಲಿರುವ ಹಳೇ ಕಾಗದದ ಡಿಜಿಟಲ್ ಕೆಲಸಕ್ಕೆ ಹಣ ಕೊಡುತ್ತದೆ, ಮೂಲ ದೇಶ ಬಿಟ್ಟು ಹೋಗಬಾರದು ಎಂಬುದು ಅವರದೇ ನಿಯಮ.

ಕೊಡುವ ಮುಂಚೆ

ಒಳ್ಳೆಯ ಮನಸ್ಸಿನಿಂದ ಮಾಡುವ ಹಾನಿಯೇ ಜಾಸ್ತಿ. ಲ್ಯಾಮಿನೇಷನ್ ಮಾಡಿಸಬೇಡಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಪಿನ್ ಮೆಲ್ಲಗೆ ತೆಗೆಯಿರಿ. ತಾರೀಕಿನ ಪ್ರಕಾರ ಜೋಡಿಸಿ ಚೊಕ್ಕ ಮಾಡೋಣ ಅನ್ನಿಸುತ್ತದೆ. ಬೇಡ, ಅಜ್ಜ ಇಟ್ಟ ಕ್ರಮದಲ್ಲೇ ಇರಲಿ, ಯಾವ ಪತ್ರದ ಜೊತೆ ಯಾವ ಫೋಟೊ ಇತ್ತು ಎಂಬುದೇ ಎಷ್ಟೋ ಸಲ ಗುರುತು ಹಿಡಿಯಲು ಇರುವ ಸುಳಿವು. ಹಳೇ ಪತ್ರಿಕೆಯ ತುಣುಕುಗಳನ್ನು ಮಾತ್ರ ಬೇರೆ ಲಕೋಟೆಗೆ ಹಾಕಿ, ಅದರ ಆಮ್ಲ ಪಕ್ಕದ ಕಾಗದಕ್ಕೆ ಹಳದಿ ಹತ್ತಿಸುತ್ತದೆ, ಯಾವ ಜಾಗದಲ್ಲಿತ್ತು ಅಂತ ಒಂದು ಚೀಟಿ ಬರೆದಿಡಿ.

ಏನು ಬೇಡ ಎಂಬುದೂ ಗೊತ್ತಿರಲಿ. 'ಡೆರ್ ಬೋಟೆ', 'ಮೆನೊನೀಟಿಷೆ ರುಂಡ್‌ಷೌ' ಪತ್ರಿಕೆಗಳ ಹಳೇ ಸಂಚಿಕೆಗಳನ್ನು ಹೊತ್ತು ತರುತ್ತಾರೆ, ಆರ್ಕೈವಿನವರ ಹತ್ತಿರ ಪೂರ್ತಿ ಸೆಟ್ ಇರುತ್ತದೆ. ಅಚ್ಚಾದ ಸ್ತೋತ್ರ ಪುಸ್ತಕ, ಕರೆಂಟ್ ಬಿಲ್ಲು, ಬ್ಯಾಂಕ್ ಚೆಕ್ಕು ಯಾವುದೂ ಬೇಡ. ಬೇಕಾದ್ದು ಬೇರೆ ಎಲ್ಲೂ ಇಲ್ಲದ್ದು: ಪತ್ರ, ದಿನಚರಿ, ಜಮೀನಿನ ಲೆಕ್ಕ, ವಲಸೆ ಬಂದಾಗಿನ ಕಾಗದ, ಕೈಯಲ್ಲಿ ಬರೆದ ಪ್ರಸಂಗ, ಹೆಸರು ಗೊತ್ತಿರುವ ಫೋಟೊ. ಅಡುಗೆ ಬರೆದಿಟ್ಟ ನೋಟ್‌ಬುಕ್ ಎಸೆಯಲು ಹೊರಟಿದ್ದರೆ ನಿಲ್ಲಿ, ಅಜ್ಜಿಯ ಕೈಬರಹ ಉಳಿದಿರುವುದು ಎಷ್ಟೋ ಮನೆಗಳಲ್ಲಿ ಅದೊಂದರಲ್ಲೇ.

ಡಬ್ಬಿ ಕಾರಿಗೆ ತುಂಬಿಕೊಂಡು ನೇರ ಬಾಗಿಲಿಗೆ ಹೋಗಬೇಡಿ. ಮೊದಲು ಇಮೇಲ್ ಬರೆಯಿರಿ: ಯಾರ ಕಾಗದ, ಅವರು ಹುಟ್ಟಿದ್ದು ಎಲ್ಲಿ, ಯಾವ ಸಭೆ, ಯಾವ ವರ್ಷದಿಂದ ಯಾವ ವರ್ಷದ್ದು, ಭಾಷೆ ಯಾವುದು, ಎಷ್ಟು ಡಬ್ಬಿ, ಬೂಷ್ಟು ಹಿಡಿದಿದೆಯೋ ಇಲ್ಲವೋ, ಕೊಡಲು ಅಣ್ಣತಮ್ಮಂದಿರು ಅಕ್ಕತಂಗಿಯರು ಎಲ್ಲರೂ ಒಪ್ಪಿದ್ದಾರೋ. ಡಬ್ಬಿಯೊಳಗಿನ ನಾಲ್ಕು ಫೋಟೊ ಸೇರಿಸಿ. ಬೂಷ್ಟಿದ್ದರೆ ಮುಚ್ಚಿಡಬೇಡಿ, ಅಂಥ ಡಬ್ಬಿಯನ್ನು ಅವರು ಬೇರೆ ಕೋಣೆಯಲ್ಲಿ ಇಳಿಸಿಕೊಳ್ಳಬೇಕಾಗುತ್ತದೆ.